ಕಿವಿಪೆಟ್ಟಿಗೆ

"ಗುರುಗಳೇ, ಮುಂದೆ ಯಂತ್ರಗಳೇ ಹಾಡುವ ಕಾಲ ಬರುತ್ತದಂತೆ. ಒಂದು ಅಪಸ್ವರವೂ ಇರುವುದಿಲ್ಲವಂತೆ. ಆಗ ನಮ್ಮ ಸಂಗೀತ ಸತ್ತುಹೋಗುತ್ತದೆಯೇ?"

ಬೆಳಗಿನ ಪಾಠ ಮುಗಿದ ಮೇಲೆ ಶಿಷ್ಯ ಚಿದಂಬರ ಹೀಗೆ ಕೇಳಿದ. ಗುರುಗಳು ತಂಬೂರಿಗೆ ಗವುಸು ಹಾಕುತ್ತಿದ್ದರು.

"ಹಾಡುವ ಯಂತ್ರಕ್ಕೇ ಹೆದರಿಬಿಟ್ಟೆಯಾ? ಅಯ್ಯೋ ಮಂಕೆ! ಅದು ಬಂದರೆ ಬರಲಿ ಬಿಡು. ಅದರ ಬೆನ್ನಿಗೆ ಇನ್ನೊಂದು ಬರುತ್ತದೆ, ಅದರ ಕತೆ ಕೇಳು. ಮುಂದೆ ನಡೆಯುವುದನ್ನು ಹಿಂದೆ ನಡೆದಂತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಮನೆಮನೆಗೂ ಹಾಡುವ ಯಂತ್ರ ಬಂತು. ಯಂತ್ರಕ್ಕೇನು, ಹಸಿವೇ, ದಣಿವೇ? ದಿನಕ್ಕೆ ಹತ್ತು ಕಚೇರಿಗಳಾದವು. ಕರೆದ ಕಚೇರಿಗೆ ಹೋಗದಿದ್ದರೆ ನಿಷ್ಠುರ. ಹೋದರೆ ಮನೆಗೆಲಸ ಕೆಟ್ಟಿತು. ಜನ ಉಪಾಯ ಕಂಡುಕೊಂಡರು. ತಮ್ಮ ಬದಲು ಕೇಳಿಬರಲು ಒಂದೊಂದು ಕಿವಿಪೆಟ್ಟಿಗೆ ಮಾಡಿಸಿಕೊಂಡರು. ಅದು ತಾನೇ ಸಭೆಗೆ ಹೋಗಿ ಯಜಮಾನನ ಜಾಗದಲ್ಲಿ ಕೂರುತ್ತಿತ್ತು, ತಾಳ ಹಾಕುತ್ತಿತ್ತು, ತಕ್ಕ ಜಾಗ ಬಂದಾಗ ಯಜಮಾನನ ದನಿಯಲ್ಲೇ "ಭೇಷ್" ಎನ್ನುತ್ತಿತ್ತು, ಅಲ್ಲಿ ನಡೆದದ್ದನ್ನು ಆಗಿಂದಾಗಲೇ ಮನೆಗೆ ತಿಳಿಸುತ್ತಿತ್ತು.

ಅಲ್ಲೊಬ್ಬ ಗಾಯಕನಿದ್ದ. ಯಂತ್ರವಲ್ಲ, ಮನುಷ್ಯನೇ. ಅವನ ತಾಯಿ ಹೇಳಿಕೊಟ್ಟ ಒಂದು ಪಲ್ಲವಿ ಅವನೊಬ್ಬನಿಗೇ ಗೊತ್ತಿತ್ತು. ವಯಸ್ಸಾಗಿ ಗಂಟಲು ಕಟ್ಟತೊಡಗಿತ್ತು. ದನಿ ಪೂರ್ತಿ ಹೋಗುವ ಮೊದಲು ಒಬ್ಬರ ಕಿವಿಗಾದರೂ ಅದನ್ನು ಹಾಕಿ ಹೋಗಬೇಕು, ಇಲ್ಲವಾದರೆ ಅಮ್ಮ ಎರಡನೆಯ ಸಲ ಸತ್ತಂತೆ, ಎಂದು ಅವನ ಜೀವ ಚಡಪಡಿಸಿತು. ಮನೆಮನೆಗೂ ತಾನೇ ಹೋಗಿ ಕರೆದ. ಎಲ್ಲರೂ "ಬಂದೇ ಬರುತ್ತೇವೆ" ಎಂದರು.

ಕಚೇರಿಯ ದಿನ ಸಭೆ ತುಂಬಿತ್ತು. ಒಂದು ಕುರ್ಚಿಯೂ ಖಾಲಿಯಿರಲಿಲ್ಲ, ಒಬ್ಬ ಮನುಷ್ಯನೂ ಇರಲಿಲ್ಲ. ಗಾಯಕ ಸಾಲುಸಾಲಾಗಿ ಕಣ್ಣಾಡಿಸಿದ, ಬರೀ ಪೆಟ್ಟಿಗೆಗಳು. ಹಿಂದಿನ ಸಾಲಿನಲ್ಲಿ ಯಾರಾದರೂ ಇದ್ದಾರು ಎಂದುಕೊಂಡು ಪಲ್ಲವಿ ಎತ್ತಿಕೊಂಡ. ಎರಡನೆಯ ಸುತ್ತಿನಲ್ಲಿ ಗಂಟಲು ಕೈಕೊಟ್ಟಿತು. ಹಾಡು ನಿಂತಿತು.

ತಾಳ ಮಾತ್ರ ನಿಲ್ಲಲಿಲ್ಲ. ಅವನ ಸಾಲು ಎಲ್ಲಿ ಬಂದು ಮುಟ್ಟಬೇಕಿತ್ತೋ ಸರಿಯಾಗಿ ಅಲ್ಲಿ, ಮುನ್ನೂರು ಪೆಟ್ಟಿಗೆಗಳು ಒಟ್ಟಿಗೆ "ಭೇಷ್" ಎಂದವು. ಮುಂದಿನ ಸುತ್ತಿಗೆ ಕೆಲವು ಬಿಕ್ಕಿ ಅತ್ತವು. ಗಾಯಕ ಬಾಯಿ ಮುಚ್ಚಿಕೊಂಡು ಕೂತೇ ಇದ್ದ.

ಅವನಿಗೆ ತಡೆಯಲಾಗಲಿಲ್ಲ. ಎದ್ದು ಹೊರಗೋಡಿದ. ಎದುರು ಮನೆಯ ಜಗಲಿಯಲ್ಲಿ ಒಬ್ಬ ವರ್ತಕ ಅವರೆಕಾಯಿ ಸುಲಿಯುತ್ತಾ ಕೂತಿದ್ದ.

"ಏನಯ್ಯಾ, ನನ್ನ ಹಾಡು ಕೇಳಿದೆಯಾ?" ಎಂದು ಗಾಯಕ ಕೇಳಿದ.

"ಕೇಳದೆ ಉಂಟೇ ಸ್ವಾಮಿ! ಇದುವರೆಗೆ ಏಳು ಸಲ ಭೇಷ್ ಅಂದೆನಂತೆ. ಈಗತಾನೇ ಅತ್ತೂಬಿಟ್ಟೆನಂತೆ" ಎಂದು ವರ್ತಕ ನಕ್ಕು, ಇನ್ನೊಂದು ಹಿಡಿ ಕಾಯಿ ಎತ್ತಿಕೊಂಡ.

"ಥೂ ನಿಮ್ಮ, ನಾಚಿಕೆಗೆಟ್ಟವರಾ!" ಎಂದು ಬೈಯುತ್ತಾ ಗಾಯಕ ತಂಬೂರಿ ತರಲು ಮತ್ತೆ ಸಭೆಯೊಳಗೆ ಹೋದ. ಅಲ್ಲಿ ಕಚೇರಿ ನಡೆದೇ ಇತ್ತು. ಮೊದಲನೆಯ ಸಾಲಿನ ಒಂದು ಪೆಟ್ಟಿಗೆ ಎಲ್ಲಕ್ಕಿಂತ ಜೋರಾಗಿ ಭೇಷ್ ಎನ್ನುತ್ತಿತ್ತು. ಆ ದನಿ ಎಲ್ಲೋ ಕೇಳಿದಂತಿತ್ತು. ಎತ್ತಿ, ಮಗುಚಿ ನೋಡಿದ. ತಳದಲ್ಲಿ ಅವನದೇ ಹೆಸರಿತ್ತು.

ಹರೆಯದಲ್ಲಿ, ಬೇರೆಯವರ ಹಾಡು ಕೇಳುವ ವ್ಯವಧಾನವಿಲ್ಲದೆ, ಅವನೂ ಒಂದು ಮಾಡಿಸಿದ್ದ. "ಊರಿನ ಯಾವ ಕಚೇರಿಯನ್ನೂ ತಪ್ಪಿಸಬೇಡ" ಎಂದು ಹೇಳಿ ಕಳಿಸಿ ಮರೆತಿದ್ದ. ಅದು ಒಂದನ್ನೂ ತಪ್ಪಿಸಿರಲಿಲ್ಲ. ಈಗ ಅವನ ಕೈಯಲ್ಲೇ ಕೂತು, ಗಂಟಲು ಕೆಡುವುದಕ್ಕೆ ಮೊದಲಿನ ಅವನ ಆ ಎಳೆಯ ದನಿಯಲ್ಲಿ, ಮತ್ತೊಮ್ಮೆ "ಭೇಷ್" ಎಂದಿತು.

ಗುರುಗಳು ಕತೆ ನಿಲ್ಲಿಸಿದರು.

"ಛೆ, ಎಂಥ ಜನ! ಗುರುಗಳೇ, ಅಂಥವರು ನಿಜವಾಗಿ ಹುಟ್ಟುವುದು ಯಾವಾಗ?"

ಗುರುಗಳು ಗವುಸಿನ ದಾರ ಬಿಗಿದು, ಶಿಷ್ಯನ ತೊಡೆಯ ಮೇಲಿದ್ದ ಕೈಯನ್ನು ನೋಡಿದರು.

"ಇವತ್ತು ಬೆಳಿಗ್ಗೆ ಪಲ್ಲವಿಯ ನಡುವೆ ನಾನು ಹಾಡು ನಿಲ್ಲಿಸಿ ಸುಮ್ಮನೆ ಕೂತೆ, ಚಿದಂಬರಾ, ನಿನ್ನ ಕೈ ತಾಳ ಹಾಕುತ್ತಲೇ ಇತ್ತು."