ಹಳೇ ಎಂಜಿನ್ನಿನ ಅಳತೆ

"ಗುರುಗಳೇ, ಯಾರು ಕಲಿಸಿದ್ದು ಈಗ ನನ್ನ ಉಪಯೋಗಕ್ಕೆ ಬರುವುದಿಲ್ಲವೋ ಅವರ ಕಾಲಿಗೆ ಬಿದ್ದರೆ, ಆ ನಮಸ್ಕಾರ ಸುಳ್ಳಾಗುವುದಿಲ್ಲವೇ?"

ಕೇಳಿದವನು ಚನ್ನವೀರ. ಮೂರು ವರ್ಷದಿಂದ ಕೊಟ್ಟೂರಯ್ಯನವರ ಬಳಿ ಪದ್ಯಗಳ ಅರ್ಥ ಕಲಿಯುತ್ತಿದ್ದ ಶಿಷ್ಯ. ಅವನ ಕೈಯಲ್ಲಿ ಒಂದು ಕಾಗದವಿತ್ತು. ಅವನ ಊರಿನ ಹಾಲಪ್ಪ ಮೇಷ್ಟರಿಗೆ ಎಂಬತ್ತು ತುಂಬುತ್ತಿತ್ತು. ಅವರಲ್ಲಿ ಕಲಿತವರೆಲ್ಲ ಸೇರಿ ಬರುವ ಸೋಮವಾರ ಅವರ ಪಾದಪೂಜೆ ಮಾಡುವವರಿದ್ದರು. ನೀನೂ ಬಾ, ನಿನ್ನನ್ನು ಒಮ್ಮೆ ನೋಡಬೇಕು ಎಂದು ಮೇಷ್ಟರೇ ನಡುಗುವ ಕೈಯಲ್ಲಿ ಬರೆದಿದ್ದರು.

ಚನ್ನವೀರ ಹೇಳಿದ: "ಎಂಟು ವರ್ಷ ಅವರು ನನಗೆ ಬಾಯಿಪಾಠ ಮಾಡಿಸಿದರು. ಒಂದು ಪದ್ಯದ ಅರ್ಥವನ್ನೂ ಬಿಡಿಸಿ ಹೇಳಲಿಲ್ಲ. ಒಮ್ಮೆ ತುಂಬಿದ ಸಭೆಯಲ್ಲಿ ಯಾರೋ ಅರ್ಥ ಕೇಳಿದರು. ಕಂಬದ ಹಾಗೆ ನಿಂತೆ. ಎಲ್ಲರೂ ನಕ್ಕರು. ನೀವಾದರೆ, ನಾನು ಬಂದ ಮೊದಲ ವಾರವೇ ಎಲ್ಲಿಂದ ಶುರು ಮಾಡಬೇಕೋ ಅಲ್ಲಿಂದ ಶುರು ಮಾಡಿದಿರಿ. ಎರಡು ದಿನ ಯಾವುದೋ ಊರಿಗೆ ಹೋಗಿ ಬಂದವರು, ಬಂದ ಕೂಡಲೇ ನನ್ನನ್ನು ಕೂರಿಸಿಕೊಂಡು ಪಾಠ ಹಿಡಿದಿರಿ. ನನಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ನೀವು ಕೇಳಲೂ ಇಲ್ಲ. ನನ್ನ ಗುರು ನೀವು. ಅಲ್ಲಿಗೆ ಬರುವುದಿಲ್ಲ ಎಂದು ಬರೆದುಬಿಡಲೇ?"

ಕೊಟ್ಟೂರಯ್ಯನವರು ಹರೆಯದಲ್ಲಿ ಹತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಅಂಗಡಿಯಲ್ಲಿ ದುಡಿದವರು. ಅವರ ಕತೆಗಳಲ್ಲಿ ರಾಜರೂ ಋಷಿಗಳೂ ಬರುತ್ತಿದ್ದುದು ಅಪರೂಪ.

"ಬರೆಯುವುದು ಇದ್ದೇ ಇದೆ, ಕೂತುಕೋ," ಎಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಶಾಮಿಯಾನದವನಿದ್ದ. ಮದುವೆ, ನಾಮಕರಣ, ತಿಥಿ, ಏನೇ ಇರಲಿ, ಚಪ್ಪರದ ಗಳ, ಬಟ್ಟೆ, ಅಡುಗೆಯ ಕೊಪ್ಪರಿಗೆ ಎಲ್ಲ ಅವನ ಮನೆಯಿಂದಲೇ ಹೋಗಬೇಕು. ಅದನ್ನೆಲ್ಲ ಹೊರಲು ಅವನಪ್ಪ ಕೊಂಡಿದ್ದ ಒಂದು ಹಳೇ ಪಿಕಪ್ ಗಾಡಿ ಇತ್ತು. ಗುಂಡು ಮೂತಿ, ದಪ್ಪ ತಗಡು. ಈಗಿನ ಗಾಡಿಗೆ ಎಮ್ಮೆ ಗುದ್ದಿದರೆ ಗಾಡಿ ತಗ್ಗು ಬೀಳುತ್ತದೆ. ಆ ಗಾಡಿಗೆ ಗುದ್ದುವ ಮೊದಲು ಎಮ್ಮೆಯೇ ಯೋಚನೆ ಮಾಡಬೇಕು.

ಮೈ ಗಟ್ಟಿಯಾಗಿತ್ತು, ಎಂಜಿನ್ನಿಗೆ ವಯಸ್ಸಾಗಿತ್ತು. ಡೀಸೆಲ್ಲಿಗಿಂತ ಹೆಚ್ಚು ಆಯಿಲ್ ಕುಡಿಯುತ್ತಿತ್ತು. ಬಿಡಿಭಾಗ ಯಾವ ಪೇಟೆಯಲ್ಲೂ ಸಿಗುತ್ತಿರಲಿಲ್ಲ. ಒಂದು ಮದುವೆಯ ದಿನ ಊರಾಚೆಯ ಏರು ಹತ್ತುವಾಗ ಗಾಡಿ ನಿಂತೇಬಿಟ್ಟಿತು. ಚಪ್ಪರ ಮುಟ್ಟುವಷ್ಟರಲ್ಲಿ ಮುಹೂರ್ತ ಬಂದಿತ್ತು. ಗಂಡು ಹೆಣ್ಣು ಬರೀ ಬಿಸಿಲಲ್ಲಿ ನಿಂತು ಅಕ್ಷತೆ ಹಾಕಿಸಿಕೊಂಡರು. ಬೀಗರು ಆಡಬಾರದ ಮಾತು ಆಡಿದರು. ಅಂದಿನಿಂದ ಅವನಿಗೆ ಆ ಎಂಜಿನ್ನನ್ನು ಕಂಡರೆ ಮೈ ಉರಿಯುತ್ತಿತ್ತು. ಮೂವತ್ತು ವರ್ಷ ಓಡಿದ್ದು ಮರೆತುಹೋಯಿತು, ಒಂದು ದಿನ ನಿಂತದ್ದು ನೆನಪುಳಿಯಿತು. ನಮ್ಮೆಲ್ಲರ ನೆನಪೂ ಇಷ್ಟೇ ಯೋಗ್ಯತೆಯದು.

ಅವನು ಒಂದು ಹೊಸ ಕಾಲದ ಎಂಜಿನ್ ತಂದ. ಎಲ್ಲೋ ಗುದ್ದಿ ನುಜ್ಜುಗುಜ್ಜಾದ ಗಾಡಿಯದು, ಆದರೆ ಎಂಜಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮನೆಯ ಮುಂದೆ ನಾನೇ ಕೂರಿಸುತ್ತೇನೆ, ಮೆಕ್ಯಾನಿಕ್ ಬೇಡ ಎಂದ. ಸ್ಪ್ಯಾನರ್ ಹಿಡಿದು ಬೆಳೆದ ಕೈ ಅವನದು, ಧೈರ್ಯವಿತ್ತು. ಅಜ್ಜನಿಗೆ ಹುಡುಗನ ಗುಂಡಿಗೆ ಹಾಕುತ್ತಾನಂತೆ ಎಂದು ಕೇರಿಯವರು ನೋಡಲು ಬಂದು ನಿಂತರು.

ಅವನಿಗೆ ಹನ್ನೆರಡು ದಿನವಿತ್ತು. ಅದೇ ಏರಿನಾಚೆಯ ಹಳ್ಳಿಯ ಬಳೆಗಾರ ತನ್ನ ಮಗಳ ಮದುವೆಗೆಂದು ಬಂದು ವೀಳ್ಯ ಕೊಟ್ಟು ಹೋಗಿದ್ದ. ವೀಳ್ಯ ಹಿಡಿದ ಮೇಲೆ ಮಾತು ತಪ್ಪುವಂತಿಲ್ಲ. ಲಗ್ನದ ಕಾಲ, ಬಾಡಿಗೆಗೆ ಬೇರೆ ಗಾಡಿ ಸಿಗುವ ಹಾಗೂ ಇರಲಿಲ್ಲ. ಇನ್ನೊಮ್ಮೆ ಚಪ್ಪರ ತಪ್ಪಿದರೆ ಆ ಸೀಮೆಯಲ್ಲಿ ಅವನ ಕೈಗೆ ಯಾರೂ ವೀಳ್ಯ ಕೊಡುತ್ತಿರಲಿಲ್ಲ.

ಮೂರು ಚಪ್ಪರದ ಗಳಗಳ ತಲೆ ಸೇರಿಸಿ ಬಿಗಿದು, ಅದಕ್ಕೆ ಸರಪಳಿ ರಾಟೆ ತೂಗುಹಾಕಿ, ಹಳೇ ಎಂಜಿನ್ನನ್ನು ಎತ್ತಿ ಕೆಳಗಿಟ್ಟ. ಅಂದೇ ಗುಜರಿಯವನಿಗೆ ಹೇಳಿ ಕಳಿಸಿದ. ಅವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ರೀ, ಅದನ್ನ ಹಂಗೇ ಕಳಿಸಬ್ಯಾಡ್ರಿ. ಒಂದು ಕಾಯಿ ಒಡೆದು, ಹೋಗಿ ಬಾ ಅಂತ ಒಂದು ಮಾತು ಹೇಳ್ರಿ. ಈ ಮನೆಗೆ ಬಂದಾಗಿಂದ ಆಯುಧಪೂಜೆಗೆ ನಾನೇ ಅದಕ್ಕೆ ಕುಂಕುಮ ಹಚ್ಚೀನಿ."

"ನಾಕು ಜನರ ಮುಂದೆ ಮರ್ಯಾದಿ ಕಳೆದಿದ್ದಕ್ಕೆ ಕಾಯಿ ಬ್ಯಾರೆ ಕೇಡು! ಆ ಕಾಯಿ ಚಟ್ನಿಗೆ ಹಾಕು, ಹೋಗು."

ಗುಜರಿಯವನ ಕೈಗಾಡಿ ಎಂಜಿನ್ನನ್ನು ಹೊತ್ತುಕೊಂಡು ಹೋಯಿತು. ಶಾಮಿಯಾನದವನು ತಿರುಗಿಯೂ ನೋಡಲಿಲ್ಲ. ಅದು ಕೂರುತ್ತಿದ್ದ ಕಬ್ಬಿಣದ ಕಾಲುಗಳು ಚಾಸಿಯ ಮೇಲೆ ಉಳಿದಿದ್ದವು. ಹೊಸದಕ್ಕೆ ಅಡ್ಡ ಎಂದು ಅವನ್ನೂ ಕತ್ತರಿಸಿ, ಉಜ್ಜಿ, ನುಣ್ಣಗೆ ಮಾಡಿದ. ಹಳೆಯದರ ಗುರುತು ಒಂದೂ ಉಳಿಯಲಿಲ್ಲ.

ಆಮೇಲೆ ಹೊಸ ಎಂಜಿನ್ನನ್ನು ಇಳಿಸಿದ. ಅದು ಎಲ್ಲೂ ಕೂರಲಿಲ್ಲ. ಒಂದಿಂಚು ಎತ್ತಿದರೆ ಬಾನೆಟ್ ಮುಚ್ಚುವುದಿಲ್ಲ. ಇಳಿಸಿದರೆ ಕೆಳಗೆ ಆಕ್ಸಲ್ಲಿಗೆ ತಾಗುತ್ತದೆ. ಮುಂದೆ ತಳ್ಳಿದರೆ ಫ್ಯಾನು ರೇಡಿಯೇಟರನ್ನು ಕೆರೆಯುತ್ತದೆ. ಹಿಂದೆ ತಳ್ಳಿದರೆ ಗೇರ್‌ಬಾಕ್ಸಿನ ಬಾಯಿಗೂ ಇದರ ಬಾಯಿಗೂ ನೇರ ಬರುವುದಿಲ್ಲ. ಕಣ್ಣಳತೆಯಲ್ಲಿ ಒಂದು ಜಾಗ ಹಿಡಿದು ವೆಲ್ಡಿಂಗ್ ಮಾಡಿದ. ಚಾಲೂ ಮಾಡಿದರೆ ಗಾಡಿ ಚಳಿಜ್ವರ ಬಂದ ಹಾಗೆ ನಡುಗಿತು. ಜಗಲಿಯ ಮೇಲಿದ್ದ ತಂಬಿಗೆ ಗಣಗಣ ಎಂದಿತು. ಕೇರಿ ದಾಟುವುದರೊಳಗೆ ಬೆಸುಗೆ ಬಿರಿಯಿತು. ಬಿಚ್ಚಿ ಮತ್ತೆ ಹಾಕಿದ. ಮತ್ತೆ ಬಿರಿಯಿತು. ಹೀಗೆ ಎಂಟು ದಿನ ಹೋದವು. ನೋಡಲು ಬಂದು ನಿಲ್ಲುತ್ತಿದ್ದವರು ಈಗ ಬಂದು ಕುಳಿತುಕೊಳ್ಳುತ್ತಿದ್ದರು.

ಒಂಬತ್ತನೆಯ ಬೆಳಿಗ್ಗೆ ಅವನು ಹಟ ಬಿಟ್ಟು ಲೇತಿನವನೊಬ್ಬನನ್ನು ಕರೆತಂದ. ಮುಂಗೋಪಿ ಮನುಷ್ಯ. ಅವನ ಹೆಸರು ಈಗ ಬೇಡ. ಅವನು ಬಗ್ಗಿ ನೋಡಿ, ಒಂದೇ ಮಾತು ಕೇಳಿದ.

"ಹಳೇ ಎಂಜಿನ್ ಎಲ್ಲಿ?"

"ಗುಜರಿಗೆ ಹಾಕಿದೆ."

"ಅಳತೆ ತಗೊಂಡಿದ್ದೆ?"

"ಬಿಸಾಡೋ ಮಾಲಿಗೆ ಅಳತೆ ಯಾಕಪ್ಪ?"

ಲೇತಿನವನು ಕೈಯಲ್ಲಿದ್ದ ಅಳತೆಪಟ್ಟಿಯನ್ನು ನೆಲಕ್ಕೆಸೆದ. "ತಾನು ಎಲ್ಲಿ ಕೂರಬೇಕು ಅಂತ ಹೊಸದಕ್ಕೆ ಹೆಂಗೆ ಗೊತ್ತಾಗಬೇಕು? ಅದು ಈ ಮನೆಗೆ ನಿನ್ನೆ ಬಂದದ್ದು. ಎಷ್ಟು ಎತ್ತರ, ಎಷ್ಟು ಓರೆ, ಎಷ್ಟು ಹಿಂದೆ, ಎಲ್ಲ ಅಲ್ಲಿ ಮೂವತ್ತು ವರ್ಷ ಕೂತಿದ್ದಕ್ಕೆ ಗೊತ್ತು. ಗೇರ್‌ಬಾಕ್ಸಿಗೂ ಇದಕ್ಕೂ ನಡುವೆ ಒಂದು ಕಬ್ಬಿಣದ ತಟ್ಟೆ ಮಾಡಿ ಕೂರಿಸಿಕೊಡ್ತೀನಿ, ಎರಡು ದಿನದ ಕೆಲಸ. ಆದರೆ ಹಳೇದರ ಮುಖ ನೋಡದೆ ನಾನು ತೂತು ಹೊಡೆಯಲ್ಲ. ಹೋಗು, ಇದ್ದರೆ ನಿನ್ನ ಪುಣ್ಯ."

ಶಾಮಿಯಾನದವನು ಸೈಕಲ್ ಹತ್ತಿದ. ಗುಜರಿಗೆ ಹೋದ ಮಾಲನ್ನು ಅಂದೇ ಒಡೆಯುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಆದರೂ ತುಳಿದ. ತುಳಿಯುತ್ತ ತುಳಿಯುತ್ತ, ಬೇಡ ಬೇಡವೆಂದರೂ ಒಂದೊಂದೇ ನೆನಪಾಯಿತು. ಹೆಂಡತಿಗೆ ನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ದದ್ದು ಅದೇ. ಅಪ್ಪನನ್ನು ಕೊನೆಯ ಸಲ ಹೊತ್ತದ್ದು ಅದೇ. ಅವನು ಉಂಡ ಅನ್ನವೆಲ್ಲ ಅದು ಎಳೆದು ತಂದದ್ದು. ಅವನಿಗೆ ನಾಚಿಕೆಯಾಯಿತು. ಒಂದು ಕಾಯಿ ಎಷ್ಟರ ಮಾತು ಎನಿಸಿತು.

ಗುಜರಿಯ ಅಂಗಳದಲ್ಲಿ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಒಡೆದ ಕಬ್ಬಿಣದ ರಾಶಿ ಬಿದ್ದಿತ್ತು. ಅವನು ರಾಶಿಯ ಮುಂದೆ ನಿಂತು ಹುಡುಕಿದ. ಗುರುತು ಹಿಡಿಯುವಂಥದ್ದು ಒಂದೂ ಕಾಣಲಿಲ್ಲ. ಅಷ್ಟರಲ್ಲಿ ಗುಜರಿಯ ಸಾಹೇಬರು ಒಳಗಿನಿಂದ ಬಂದರು.

"ಬಂದ್ರಾ ಅಣ್ಣಾ? ಒಂಬತ್ತು ದಿನ ಆಯ್ತು, ನಿಮ್ಮ ದಾರಿ ನೋಡ್ತಾ ಇದೀನಿ," ಎಂದು ಅವನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು.

ಅಲ್ಲಿ ಎರಡು ಕಲ್ಲುಗಳ ಮೇಲೆ, ಗೋಣಿಚೀಲ ಹೊದ್ದು, ಹಳೇ ಎಂಜಿನ್ ಇಡಿಯಾಗಿ ಕೂತಿತ್ತು.

ಸಾಹೇಬರು ಗೋಣಿ ಸರಿಸಿ ಅದರ ನೆತ್ತಿ ತೋರಿಸಿದರು. "ಇಲ್ಲಿ ನೋಡಿ, ಕುಂಕುಮ ಎಷ್ಟು ದಪ್ಪ ಕೂತಿದೆ. ಯಾರೋ ಅಕ್ಕ ವರ್ಷ ವರ್ಷ ಹಚ್ಚಿದ್ದು. ನೀವು ಕಾಯಿ ಒಡೆದು ಕಳಿಸಿಲ್ಲ. ಮನೆಯವರು ಹೋಗಿ ಬಾ ಅನ್ನದೆ ಇರೋದಕ್ಕೆ ನಾವು ಸುತ್ತಿಗೆ ಎತ್ತಲ್ಲ, ಅಣ್ಣಾ. ನಮ್ಮ ಅಪ್ಪನ ಕಾಲದಿಂದ ಈ ಅಂಗಡಿ ಪದ್ಧತಿ ಇದು. ಇವತ್ತಲ್ಲ ನಾಳೆ ಬರ್ತಾರೆ ಅಂತ ಇಟ್ಟಿದೀನಿ."

ಶಾಮಿಯಾನದವನು ಅಲ್ಲೇ ಮಣ್ಣಿನಲ್ಲಿ ಕೂತ. ಎಂಜಿನ್ನಿನ ಮೇಲೆ ಕೈಯಿಟ್ಟ. ಹೆಂಡತಿಯ ಕುಂಕುಮ ಅದನ್ನು ಉಳಿಸಿತ್ತು, ಬೇರೆ ಮತದವನೊಬ್ಬನ ಮರ್ಯಾದೆ ಅದನ್ನು ಕಾದಿತ್ತು. ಅವನು ಮಾತ್ರ ಅದಕ್ಕೆ ಏನೂ ಮಾಡಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಸಾಹೇಬರು ನೋಡದವರ ಹಾಗೆ ಅತ್ತ ತಿರುಗಿ, ಚಹಾ ಹೇಳಿದರು.

ಲೇತಿನವನು ಅಲ್ಲಿಗೇ ಬಂದು, ಹಳೇ ಎಂಜಿನ್ ಗೇರ್‌ಬಾಕ್ಸಿಗೆ ಕೂಡುತ್ತಿದ್ದ ಮುಖಕ್ಕೆ ಒಂದು ದಪ್ಪ ರಟ್ಟು ಇಟ್ಟು ಹೆಬ್ಬೆರಳಿನಿಂದ ಒತ್ತಿದ. ಮೂವತ್ತು ವರ್ಷದ ಜಿಡ್ಡು ಒಂದು ತೂತೂ ತಪ್ಪದೆ ರಟ್ಟಿನ ಮೇಲೆ ಅಚ್ಚು ಹಾಕಿಕೊಟ್ಟಿತು. ಕತ್ತರಿಸಿದ ಕಾಲುಗಳಿಗೆ ಬಿಗಿಯುತ್ತಿದ್ದ ಅದರ ಕಿವಿಗಳ ಎತ್ತರಕ್ಕೆ ಚಪ್ಪರದ ಹುರಿ ಹಿಡಿದು ಗಂಟು ಹಾಕಿಕೊಂಡ. ಹನ್ನೊಂದನೆಯ ಬೆಳಗಿನ ಹೊತ್ತಿಗೆ ತಟ್ಟೆ ತಯಾರಾಯಿತು. ಹಳೆಯದು ಕೂರುತ್ತಿದ್ದ ಎತ್ತರದಲ್ಲಿ, ಅದೇ ಓರೆಯಲ್ಲಿ, ಹೊಸದು ಕೂತಿತು. ಬಾನೆಟ್ ಮುಚ್ಚಿತು. ಚಾಲೂ ಮಾಡಿದಾಗ ಜಗಲಿಯ ಮೇಲಿನ ತಂಬಿಗೆ ಸುಮ್ಮನೆ ಇತ್ತು. ನೋಡಲು ಕೂತಿದ್ದವರು ಎದ್ದು, ನಾವು ಮೊದಲೇ ಹೇಳಿರಲಿಲ್ಲವೇ ಎನ್ನುತ್ತ ಮನೆಗೆ ಹೋದರು.

ಗಳ, ಬಟ್ಟೆ, ಕೊಪ್ಪರಿಗೆ ಹೇರಿದ್ದಾಯಿತು. ಗಾಡಿ ಸೀದಾ ಏರಿನ ದಾರಿ ಹಿಡಿಯಲಿಲ್ಲ. ಮೊದಲು ಗುಜರಿಗೆ ಹೋಯಿತು. ಶಾಮಿಯಾನದವನೂ ಅವನ ಹೆಂಡತಿಯೂ ಇಳಿದರು. ಅವಳು ಕರ್ಪೂರ ಹಚ್ಚಿದಳು, ಅವನು ಕಾಯಿ ಒಡೆದ. ಅದರ ನೆತ್ತಿ ಮುಟ್ಟಿ, "ನಿನ್ನಿಂದ ಬದುಕಿದೆ ಕಣಪ್ಪಾ, ಹೋಗಿ ಬಾ," ಎಂದ. ಕಾಯಿಯ ಒಂದು ಹೋಳನ್ನು ಸಾಹೇಬರಿಗೆ ಕೊಟ್ಟ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಸುತ್ತಿಗೆ ಎತ್ತಿದರು.

ಗಾಡಿ ಆ ಏರನ್ನು ಎಲ್ಲೂ ನಿಲ್ಲದೆ ಹತ್ತಿತು. ಸಂಜೆಗೆ ಬಳೆಗಾರನ ಅಂಗಳದಲ್ಲಿ ಚಪ್ಪರ ಎದ್ದು ನಿಂತಿತ್ತು. ಮರುದಿನ ಹುಡುಗಿ ನೆರಳಿನಲ್ಲಿ ನಿಂತು ತಾಳಿ ಕಟ್ಟಿಸಿಕೊಂಡಳು.

ಕೊಟ್ಟೂರಯ್ಯನವರು ನಿಲ್ಲಿಸಿ, ತಂಬಿಗೆಯ ನೀರು ಕುಡಿದರು.

ಚನ್ನವೀರ ಕಾಗದವನ್ನು ಮಡಚಿದ, ಮತ್ತೆ ಬಿಚ್ಚಿದ. "ಆದರೆ ಗುರುಗಳೇ, ಕೊನೆಗೆ ಅದನ್ನು ಒಡೆದೇ ಬಿಟ್ಟರಲ್ಲ. ಆ ಕಾಯಿಯಿಂದ ಹಳೇ ಎಂಜಿನ್ನಿಗೆ ಸಿಕ್ಕಿದ್ದೇನು?"

"ಅದಕ್ಕೆ ಏನೂ ಬೇಕಿರಲಿಲ್ಲ. ಬೇಕಾಗಿದ್ದದ್ದು ಇವನಿಗೆ."

ಚನ್ನವೀರನ ಮನಸ್ಸು ಇನ್ನೂ ಪೂರ್ತಿ ಒಪ್ಪಿರಲಿಲ್ಲ. "ಇರಬಹುದು. ಆದರೂ ನನ್ನ ವಿಷಯ ಬೇರೆ. ನನ್ನಲ್ಲಿದ್ದ ಹಳೆಯದನ್ನು ಯಾರೂ ಅಳೆಯಲಿಲ್ಲ. ನೀವು ನನ್ನನ್ನು ಬರೀ ಕಣ್ಣಳತೆಯಲ್ಲೇ ಕಂಡುಕೊಂಡಿರಿ."

ಕೊಟ್ಟೂರಯ್ಯನವರು ಎದ್ದು, ಬಾಗಿಲ ಬಳಿ ತಿರುಗಿ ಹೇಳಿದರು: "ನೀನು ಬಂದ ವಾರ ಎರಡು ದಿನ ನಾನು ಇಲ್ಲಿರಲಿಲ್ಲವಲ್ಲ ಚನ್ನವೀರ, ಆಗ ಹಾಲಪ್ಪ ಮೇಷ್ಟರ ಜಗಲಿಯ ಮೇಲೆ ಕೂತು ನಿನ್ನ ಅಳತೆ ಕೇಳಿಕೊಳ್ಳುತ್ತಿದ್ದೆ."