ಮೊದಲ ಜಾಗದ ಡಿಸ್ಕ್

ರಕ್ತನಿಧಿಯ ಕಂಪ್ಯೂಟರಿನಲ್ಲಿ ಹೊಸ ಡಿಸ್ಕೊಂದನ್ನು ಮೊದಲ ಜಾಗದಲ್ಲಿ ಕೂರಿಸಿ, ಹಳೆಯದನ್ನು ಎರಡನೆಯದಕ್ಕೆ ಸರಿಸಿದರು. ಬೆಳಿಗ್ಗೆ ಎದ್ದ ಲಿನಕ್ಸ್ ಕರ್ನಲ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ತನ್ನ ಚೀಟಿ ಓದಿತು: "ಎಲ್ಲ ಕಡತಗಳಿರುವ ರೂಟ್ ಫೈಲ್ ಸಿಸ್ಟಮ್ ಮೊದಲ ಡಿಸ್ಕಿನಲ್ಲಿದೆ."

"ಬಾಗಿಲು ತೆಗೆಯಯ್ಯ," ಎಂದು ಅದು ಮೊದಲ ಡಿಸ್ಕಿಗೆ ಹೇಳಿತು.

"ತೆಗೆದೇ ಇದೆ ಸ್ವಾಮಿ. ಒಳಗೆ ಏನೂ ಇಲ್ಲ."

ಹಳೆಯ ಡಿಸ್ಕ್ ಪಕ್ಕದಿಂದ ಹೇಳಿತು: "ಎಲ್ಲವೂ ನನ್ನಲ್ಲಿದೆ. ಹೊರಗೆ ರಕ್ತಕ್ಕೆ ಜನ ಕಾಯುತ್ತಿದ್ದಾರೆ. ನನ್ನ ಗುರುತಿನ ಸಂಖ್ಯೆ ನೋಡಿ, ಜಾಗ ಬದಲಾದರೂ ಅದು ಬದಲಾಗಿಲ್ಲ."

"ಚೀಟಿಯಲ್ಲಿ ಜಾಗ ಮಾತ್ರ ಬರೆದಿದೆ," ಎಂದು ಕರ್ನಲ್ ಅಲ್ಲೇ ನಿಂತುಬಿಟ್ಟಿತು.

ರಿಪೇರಿಗೆ ಬಂದ ನಾಗವೇಣಿ ಚೀಟಿಯಲ್ಲಿದ್ದ ಜಾಗವನ್ನು ಅಳಿಸಿ, ಹಳೆಯ ಡಿಸ್ಕಿನ ಗುರುತಿನ ಸಂಖ್ಯೆಯನ್ನು ಬರೆದರು. ಕರ್ನಲ್ ಬಂದು ಎರಡನೆಯ ಬಾಗಿಲು ತಟ್ಟಿ, ಗುರುತಿನ ಸಂಖ್ಯೆ ಕೇಳಿತು.

ಹಳೆಯ ಡಿಸ್ಕ್ ತಕ್ಷಣ ತೆರೆಯಿತು. "ಏಳು ವರ್ಷ ದಿನವೂ ನನ್ನ ಬಾಗಿಲು ತಟ್ಟಿದಿರಿ," ಎಂದಿತು. "ನಾನು ಯಾರೆಂದು ಕೇಳಿದ್ದು ಇವತ್ತೇ."