ಮಂಕಾಳಿ ಏಳದ ದಿನ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ, ನನಗೆ ಹೇಳಿದವರಿಗೂ ಅದು ಗೊತ್ತಿರಲಿಲ್ಲ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕ ಒಂದು ಊರಿತ್ತು. ಆ ಊರಲ್ಲಿ ಮಂಕಾಳಿ ಎಂಬ ಹೆಂಗಸಿದ್ದಳಂತೆ. ಗಂಡ ಮೀನಿಗೆ ಹೋದವನು ದೋಣಿಯ ಸಮೇತ ಹೋದ, ತಿರುಗಿ ಬರಲಿಲ್ಲ. ಅವಳಿಗೆ ಉಳಿದದ್ದು ಒಬ್ಬಳೇ ಮಗಳು, ಶಿವಿ.

ಆ ಊರಿನ ಹೆಂಗಸರಿಗೆ ಬಳಚು ಆರಿಸುವುದೇ ಬದುಕು. ಬಳಚು ಎಂದರೆ ಮರಳಲ್ಲಿ ಹುದುಗಿರುವ ಚಿಪ್ಪು. ಬೇಯಿಸಿದರೆ ಬಾಯಿ ಬಿಡುತ್ತದೆ, ಒಳಗಿನ ಮಾಂಸಕ್ಕೆ ಕಾಯಿ ಅರೆದು ಹಾಕಿ ಸಾರು ಮಾಡಿದರೆ ಎರಡು ತುತ್ತು ಅನ್ನ ಹೆಚ್ಚಿಗೆ ಇಳಿಯುತ್ತದೆ. ಕಡಲು ಇಳಿದಾಗ ಅಳಿವೆಯ ನಡುವೆ ಮರಳಿನ ದಿಣ್ಣೆ ಮೇಲೇಳುತ್ತದೆ. ದಡಕ್ಕೂ ದಿಣ್ಣೆಗೂ ನಡುವೆ ಒಂದು ತಗ್ಗು, ಆಗ ಅಲ್ಲಿ ಮೊಣಕಾಲುದ್ದದ ನೀರು. ಅದನ್ನು ದಾಟಿ ಹೋಗಿ ಕುಕ್ಕರಗಾಲಲ್ಲಿ ಕೂತು ಮರಳು ಕೆದಕಬೇಕು. ನೀರು ಏರುವಾಗ ಮೊದಲು ತುಂಬುವುದು ಬೆನ್ನ ಹಿಂದಿನ ಆ ತಗ್ಗು. ಕೂತ ಜಾಗ ಇನ್ನೂ ಒಣಗಿಯೇ ಇರುತ್ತದೆ, ಮನೆಗೆ ಹೋಗುವ ದಾರಿ ಮುಚ್ಚಿರುತ್ತದೆ.

ಯಾವಾಗ ಏಳಬೇಕೆಂದು ಮಂಕಾಳಿಗೆ ಗೊತ್ತಾಗುತ್ತಿತ್ತಂತೆ. ಅವಳು ಕೂಗುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಸುಮ್ಮನೆ ಎದ್ದು ಸೀರೆಯ ನೆರಿಗೆ ಎತ್ತಿ ಸಿಕ್ಕಿಸುತ್ತಿದ್ದಳು. ಅದನ್ನು ನೋಡಿ ಉಳಿದವರೂ ಬುಟ್ಟಿ ಎತ್ತಿ ತಲೆಯ ಮೇಲಿಡುತ್ತಿದ್ದರು. ಅವರು ದಡ ಮುಟ್ಟುವುದಕ್ಕೂ ತಗ್ಗು ತುಂಬುವುದಕ್ಕೂ ಸರಿಹೋಗುತ್ತಿತ್ತು. ಹೊಳೆಯೇ ಅವಳ ಕಿವಿಯಲ್ಲಿ ಬಂದು ಹೇಳುತ್ತಿತ್ತು ಎನ್ನುವವರಿದ್ದಾರೆ. ಅವಳು ಒಮ್ಮೆಯೂ ತಪ್ಪಲಿಲ್ಲ ಎನ್ನುವವರೂ ಇದ್ದಾರೆ. ಅದೆಲ್ಲ ಹೇಳುವವರು ಕೂಡಿಸಿದ ಉಪ್ಪು ಖಾರ. ಅವಳು ಬೇಕಾದಷ್ಟು ಸಲ ತಪ್ಪಿದ್ದಳು. ಎದ್ದು ಬಂದ ಮೇಲೆ ನೀರು ಬಾರದೆ, ಅರ್ಧ ಬುಟ್ಟಿ ಹೊತ್ತು ತಂದ ಹೆಂಗಸರು ದಾರಿಯುದ್ದಕ್ಕೂ ಗೊಣಗಿದ ದಿನಗಳೂ ಇದ್ದವು.

ಅವಳಿಗೆ ಇನ್ನೊಂದು ಕಷ್ಟವಿತ್ತು. ಗಂಡ ಹೋದಾಗಿನಿಂದ ಮಗಳ ಬಗ್ಗೆ ಅವಳ ಎದೆ ಎಲ್ಲದಕ್ಕೂ ಹೊಡೆದುಕೊಳ್ಳುತ್ತಿತ್ತು. ಶಿವಿ ಮರ ಹತ್ತಿದರೆ ಬಿದ್ದಂತೆ ಕಾಣುತ್ತಿತ್ತು, ಜ್ವರ ಬಂದರೆ ಚಟ್ಟ ಕಾಣುತ್ತಿತ್ತು. ಆಚೆ ದಡದ ಊರಿನಿಂದ ಒಳ್ಳೆಯ ಸಂಬಂಧ ಬಂತು. ಹುಡುಗನನ್ನು ಶಿವಿಯೂ ಮೆಚ್ಚಿದ್ದಳು. ವೀಳ್ಯ ಬದಲಾಯಿಸುವ ಹೊತ್ತಿಗೆ ಮಂಕಾಳಿ ತನ್ನ ಮನಸ್ಸು ಒಪ್ಪುತ್ತಿಲ್ಲ ಎಂದು ಎದ್ದುಬಿಟ್ಟಳಂತೆ. ಕೇಳಿದರೆ ಹೇಳಲು ಕಾರಣವಿರಲಿಲ್ಲ. ಆ ಹುಡುಗ ಬೇರೆ ಕಡೆ ಮದುವೆಯಾಗಿ, ಎರಡು ಮಕ್ಕಳಾಗಿ, ಹೆಂಡತಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಶಿವಿ ನಾಲ್ಕು ವರ್ಷ ಮನೆಯಲ್ಲೇ ಉಳಿದಳು.

ಐದನೆಯ ವರ್ಷ ಮತ್ತೊಂದು ಸಂಬಂಧ ಬಂದಾಗ ಶಿವಿ ತಾಯಿಯ ಎದುರು ಕೂತು ಹೇಳಿದಳಂತೆ: "ಆಯಿ, ನಿನ್ನ ಎದಿ ಎಲ್ಲದಕ್ಕೂ ಕೂಗ್ತದೆ. ಕಾರಣ ಇದ್ರೆ ಹೇಳು, ನಾ ಕೇಳ್ತೆ. ಕಾರಣ ಇಲ್ದೆ ಇದ್ರೆ ಸುಮ್ನೆ ಇರು."

ಮಗಳು ಹೇಳಿದ್ದರಲ್ಲಿ ತಪ್ಪೇನಿತ್ತು? ಏನೂ ಇರಲಿಲ್ಲ. ಮಂಕಾಳಿ ನಾಚಿದಳು. ಇನ್ನು ಮೇಲೆ ಕಾರಣ ಹೇಳಲು ಬಾರದ ಯಾವುದನ್ನೂ ಆಡುವುದಿಲ್ಲ, ಮಾಡುವುದೂ ಇಲ್ಲ ಎಂದು ಮಗಳ ತಲೆ ಮುಟ್ಟಿ ಮಾತು ಕೊಟ್ಟಳು. ಮದುವೆ ನಿಶ್ಚಯವಾಯಿತು.

ಮದುವೆಗೆ ಒಂಬತ್ತು ದಿನ ಇತ್ತಂತೆ. ಅಮಾವಾಸ್ಯೆಯ ದೊಡ್ಡ ಇಳಿತ, ದಿಣ್ಣೆ ಎಂದಿಗಿಂತ ಅಗಲವಾಗಿ ಎದ್ದಿತ್ತು. ಮಳೆ ಹೋಗಿ ತಿಂಗಳಾಗಿತ್ತು, ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಮಧ್ಯಾಹ್ನದ ಬಿಸಿಲು. ಶಿವಿಯೂ ಸೇರಿ ಹತ್ತು ಜನ ಹೆಂಗಸರು ವಾಡಿಕೆಯಂತೆ ಮಂಕಾಳಿಯ ಸುತ್ತ, ಅವಳ ಮುಖ ಕಾಣುವ ಹಾಗೆ ಕೂತಿದ್ದರು. ಎದುರಿಗೇ ಶಿವಿ. ಅವಳನ್ನು ಎಲ್ಲರೂ ಗಂಡನ ಹೆಸರು ಹೇಳು ಎಂದು ಕಾಡುತ್ತಿದ್ದರು, ಅವಳು ನಕ್ಕು ನಕ್ಕು ಮರಳು ಕೆದಕುವುದನ್ನೇ ಬಿಟ್ಟಿದ್ದಳು.

ಆಗ ಮಂಕಾಳಿಗೆ ಏಳಬೇಕು ಅನ್ನಿಸಿತು.

ಎದ್ದಳು. ಕಡಲ ಕಡೆ ನೋಡಿದಳು, ನೀರು ಇನ್ನೂ ಇಳಿಯುತ್ತಲೇ ಇತ್ತು. ಮೇಲೆ ನೋಡಿದಳು, ಬಿಸಿಲು. ಕಾರಣ ಏನು ಎಂದು ತನ್ನನ್ನೇ ಕೇಳಿಕೊಂಡಳು, ಏನೂ ಸಿಗಲಿಲ್ಲ. ಎದುರಿಗೆ ಮಗಳ ಮುಖ ಕಂಡಿತು. ಇದು ಅದೇ ಹಳೆಯ ಹೆದರಿಕೆ, ಮದುವೆ ಹತ್ತಿರ ಬಂತಲ್ಲ ಅದಕ್ಕೆ ಹೆಚ್ಚಾಗಿದೆ ಎಂದುಕೊಂಡಳು. ನೆರಿಗೆ ಸಿಕ್ಕಿಸಲು ಹೋದ ಕೈ ಹಾಗೇ ಇಳಿಯಿತು. ಪಕ್ಕದಲ್ಲಿದ್ದ ನಾದಿನಿ ದೇವಮ್ಮ ಏನಾಯಿತು ಎಂದು ಕೇಳಿದಳು.

"ಕಾಲು ಜೋಮು ಹಿಡೀತು," ಎಂದಳು ಮಂಕಾಳಿ. ಹೇಳಿ ಕೂತಳು.

ಮತ್ತೆ ಎರಡು ಸಲ ಏಳಬೇಕು ಅನ್ನಿಸಿತಂತೆ. ಎರಡು ಸಲವೂ ಅವಳು ಹಲ್ಲು ಕಚ್ಚಿ ಕೂತಳು. ಕೊಟ್ಟ ಮಾತು ನಡೆಸುತ್ತಿದ್ದೇನೆ ಎಂದು ಅವಳಿಗೆ ಒಳಗೊಳಗೇ ಸಮಾಧಾನವೂ ಇತ್ತಂತೆ. ನನಗೆ ಈ ಕಥೆಯಲ್ಲಿ ಸಹಿಸಲು ಆಗದೆ ಇರುವುದು ಅದೊಂದೇ.

ನೀರು ಕಡಲಿನಿಂದ ಬರಲಿಲ್ಲ. ಘಟ್ಟದ ಮೇಲೆ ಎಲ್ಲೋ, ಇವರ ಕಣ್ಣಿಗೆ ಕಾಣದ ಕಡೆ, ಅಕಾಲದಲ್ಲಿ ಮಳೆ ಹೊಯ್ದಿತ್ತು. ಹೊಳೆ ಕೆಂಪಾಗಿ, ಸೊಪ್ಪು ಸೌದೆ ಹೊತ್ತುಕೊಂಡು ಬಂತು. ಅವರು ತಿರುಗಿ ನೋಡುವಾಗ ತಗ್ಗಿನಲ್ಲಿ ಎದೆಮಟ್ಟ ನೀರು ಓಡುತ್ತಿತ್ತು. ಕೈ ಕೈ ಹಿಡಿದು ಇಳಿದರು. ಎಂಟು ಜನ ದಡ ಹತ್ತಿದರು, ಮೂವರು ಹತ್ತಲಿಲ್ಲ. ಶಿವಿಯ ಕೈ ತಾಯಿಯ ಕೈಯಲ್ಲೇ ಇತ್ತಂತೆ, ದಡಕ್ಕೆ ಬಂದಾಗ ಕೈಯಲ್ಲಿ ಬಳೆಯ ಚೂರುಗಳು ಮಾತ್ರ ಇದ್ದವು.

ಶಿವಿ ಹೋದ ಹದಿನಾರನೆಯ ದಿನ ದೇವಮ್ಮ ಬಂದು ಕೂತಳು. ನೆಲ ನೋಡುತ್ತ ಹೇಳಿದಳು: "ನಂಗೂ ಏಳುವ ಅನ್ಸಿತ್ತು ಅತ್ಗೆ. ನೀ ಕೂತಿದ್ದೆ. ಅದ್ಕೆ ನಾನೂ ಕೂತೆ."

ಆ ಮಾತು ಕೇಳಿದ ಮೇಲೆ ಮಂಕಾಳಿ ದಿನಾ ಇಳಿತದಲ್ಲಿ ಒಬ್ಬಳೇ ದಿಣ್ಣೆಗೆ ಹೋಗಿ ನಿಲ್ಲತೊಡಗಿದಳಂತೆ. ತಲೆ ಕೆಟ್ಟಿದೆ ಎಂದರು ಊರವರು. ಅವಳು ಆ ಮಧ್ಯಾಹ್ನವನ್ನು ಒಂದೊಂದು ಗೇಣು ಹಿಂದಕ್ಕೆ ನಡೆದು ನೋಡುತ್ತಿದ್ದಳು. ಕೊನೆಗೆ ಸಿಕ್ಕಿತು. ಅಂದು ಮರಳಿನ ಗುಳಿಯಲ್ಲಿ ಒಸರಿದ ನೀರು ಮೇಲೆ ಬೆಚ್ಚಗಿತ್ತು, ಅಡಿಯಲ್ಲಿ ಘಟ್ಟದ ನೀರಿನ ಹಾಗೆ ತಣ್ಣಗಿತ್ತು. ಬಳಚು ಒಂದು ಬೆರಳು ಹೆಚ್ಚು ಆಳಕ್ಕೆ ಇಳಿದಿದ್ದವು. ಗಾಳಿಯಲ್ಲಿ ಒಂದು ಚಣ ಹಸಿ ಸೊಪ್ಪಿನ ವಾಸನೆ ಇತ್ತು. ಪಾದಕ್ಕೂ ಬೆರಳಿಗೂ ಮೂಗಿಗೂ ಎಲ್ಲ ಗೊತ್ತಾಗಿತ್ತು. ತಲೆಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಕಾರಣ ಇತ್ತು, ಬರುವುದು ತಡವಾಗಿತ್ತು ಅಷ್ಟೆ.

ಹೆದರಿಕೆ ಯಾವುದು, ಇದು ಯಾವುದು ಎಂದು ಹೇಗೆ ತಿಳಿಯುವುದು? ಹೆಂಗಸರು ಕೇಳಿದರಂತೆ. ಅವಳು ಹೇಳಿದ್ದನ್ನು ಆ ಊರಲ್ಲಿ ಈಗಲೂ ಹಾಗೇ ಹೇಳುತ್ತಾರೆ: "ಹೆದರಿಕೆಗೆ ಬಾಯಿ ಜಾಸ್ತಿ. ಅದು ಶಿವಿ ಸತ್ತದ್ದು ತೋರಸ್ತದೆ, ಅಳೂದು ತೋರಸ್ತದೆ. ಅವತ್ತು ಬಂದದ್ದು ಎಂತದೂ ತೋರಸ್ಲಿಲ್ಲ. ಮಗಳ ಹೆಸರೂ ಹೇಳ್ಲಿಲ್ಲ. ಏಳು ಅಂತು, ಅಷ್ಟೇ."

ತಿಳಿದುಕೊಂಡಳು, ನಿಜ. ತಿಳಿದು ಏನು ಬಂತು? ಆ ಮೇಲೆ ಅವಳಿಗೆ ದಿಣ್ಣೆಯ ಮೇಲೆ ಕೂರಲು ಆಗುತ್ತಿರಲಿಲ್ಲ. ಕೂತ ಗಳಿಗೆಯಿಂದ ಏಳು, ಏಳು ಎಂದು ಎದೆ ಒಂದೇ ಸಮನೆ ಬಡಿಯುತ್ತಿತ್ತು, ಆ ಗಲಾಟೆಯಲ್ಲಿ ಪಾದ ಹೇಳುವುದು ಕೇಳಿಸುತ್ತಿರಲಿಲ್ಲ. ಆದರೂ ಜನ ಅವಳನ್ನು ಬಿಡಲಿಲ್ಲ. ಮೊದಲೇ ಎಲ್ಲ ತಿಳಿಯುವವಳು ಎಂದು ದೂರ ದೂರದಿಂದ ಬಂದರು. ಕಳೆದ ದನ ಎಲ್ಲಿದೆ, ಬಸುರಿಗೆ ಗಂಡೋ ಹೆಣ್ಣೋ ಎಂದು ಕೇಳಿದರು. ತನಗೆ ಏನೂ ತಿಳಿಯುವುದಿಲ್ಲ ಎಂದು ಅವಳು ಬಾಗಿಲು ಹಾಕಿಕೊಂಡಳು. ಹಾಗೆ ಬಾಗಿಲು ಹಾಕಿದ್ದಕ್ಕೆ ಅವಳ ಹೆಸರು ಇನ್ನೂ ದೊಡ್ಡದಾಯಿತು. ಸಾಯುವ ಮೊದಲು ಅವಳು ಹೆಂಗಸರನ್ನು ಕರೆದು ಕೇಳಿಕೊಂಡದ್ದು ಇಷ್ಟೇ, ಇನ್ನೆಂದೂ ಯಾರ ಮುಖವನ್ನೂ ನೋಡಿಕೊಂಡು ಕೂರಬೇಡಿ.

ಆ ಊರಿನ ಹೆಂಗಸರು ಈಗಲೂ ಬಳಚಿಗೆ ಹೋದರೆ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರುತ್ತಾರೆ. ಮಾತು, ನಗೆ, ಜಗಳ ಎಲ್ಲ ಬೆನ್ನ ಮೇಲಿಂದಲೇ. ಯಾರಾದರೊಬ್ಬಳು "ಹೋಗ್ವ" ಅಂದರೂ ಸಾಕು, ಅವಳು ನಿನ್ನೆ ಬಂದ ಸೊಸೆಯಾದರೂ ಸರಿ, ಎಲ್ಲರೂ ಏಳುತ್ತಾರೆ. ಯಾಕೆ ಎಂದು ಕೇಳುವ ಹಾಗಿಲ್ಲ. ನೀರು ಬಾರದಿದ್ದರೆ ಆಮೇಲೆ ಆಡಿಕೊಳ್ಳುವ ಹಾಗೂ ಇಲ್ಲ. ಹೋದ ವರ್ಷ ಒಬ್ಬ ಹುಡುಗಿ ಬಿಸಿಲು ತಾಳಲಾರದೆ ಸುಳ್ಳೇ "ಹೋಗ್ವ" ಅಂದಳಂತೆ. ಸುಳ್ಳು ಎಂದು ಅವಳ ದನಿಯಲ್ಲೇ ಎಲ್ಲರಿಗೂ ತಿಳಿಯಿತು. ಬಳಚು ರಾಶಿ ರಾಶಿಯಾಗಿ ಸಿಗುತ್ತಿದ್ದ ದಿನ ಅದು. ಅವಳ ಅತ್ತೆಯೇ ಮೊದಲು ಎದ್ದು ಬುಟ್ಟಿ ಎತ್ತಿಕೊಂಡಳಂತೆ.